ದ ಡ್ರಾಪ್‌ಔಟ್ ನೋಡಿದವರಿಗೆ: ಇದು ಬರೀ ಒಬ್ಬಳ ಸುಳ್ಳಿನ ಕಥೆಯಾ?

ಇರುಳೋದು:
ದ ಡ್ರಾಪ್‌ಔಟ್ ವೆಬ್ ಸರಣಿಯ ಎಂಟೂ ಕಂತು ನೋಡಿ ಮುಗಿಸಿದೆ. ಬಂದಿದ್ದು 2022ರಲ್ಲಿ, ನಾನು ನೋಡಿದ್ದು ಈಗ. ಬೆರಳ ತುದಿಯ ಒಂದೆರಡು ಹನಿ ರಕ್ತದಲ್ಲೇ ಎಲ್ಲ ಪರೀಕ್ಷೆ ಮಾಡುತ್ತೇವೆ ಎಂದು ನಂಬಿಸಿ, 900 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡು, 2018ರಲ್ಲಿ ಬಾಗಿಲು ಹಾಕಿದ ಥೆರನೋಸ್ ಕಂಪನಿಯ ಕಥೆ. ಅದನ್ನು ಕಟ್ಟಿದ ಎಲಿಜಬೆತ್ ಹೋಮ್ಸ್ ಪಾತ್ರದಲ್ಲಿ ಅಮಂಡಾ ಸೈಫ್ರೆಡ್ ಅದ್ಭುತವಾಗಿ ನಟಿಸಿದ್ದಾರೆ. ಆದರೆ ಎಲ್ಲರೂ ಆಕೆಯ ಗಡಸು ದನಿ, ಕಪ್ಪು ಅಂಗಿ ಅಂತಲೇ ಮಾತಾಡುತ್ತಾರೆ. ನನ್ನನ್ನು ಕಾಡಿದ್ದು ಆಡಳಿತ ಮಂಡಳಿ. ಜಾರ್ಜ್ ಶುಲ್ಟ್ಸ್, ಹೆನ್ರಿ ಕಿಸಿಂಜರ್, ಇಬ್ಬರೂ ಅಮೆರಿಕದ ವಿದೇಶಾಂಗ ಮಂತ್ರಿಗಳಾಗಿದ್ದವರು. ರಕ್ತ ಪರೀಕ್ಷೆಯ ಕಂಪನಿಯಲ್ಲಿ ಇವರಿಗೇನು ಕೆಲಸ? ಒಬ್ಬಳು ಸುಳ್ಳು ಹೇಳಿದಳು ಸರಿ, ಅದು ಅಷ್ಟು ವರ್ಷ ನಡೆದಿದ್ದು ಇಂಥ ಹೆಸರುಗಳ ನೆರಳಲ್ಲಿ ಅಲ್ವಾ?

ಕಡಲಂಚು:
ನಾಲ್ಕನೇ ಕಂತು ಇನ್ನೊಮ್ಮೆ ನೋಡಿ. ಔಷಧಿ ಅಂಗಡಿಗಳ ದೊಡ್ಡ ಕಂಪನಿ ವಾಲ್‌ಗ್ರೀನ್ಸ್‌ನವರು ಬರುತ್ತಾರೆ. ಅವರು ಕರೆತಂದ ಲ್ಯಾಬ್ ತಜ್ಞ ಲ್ಯಾಬ್ ತೋರಿಸಿ ಎನ್ನುತ್ತಾನೆ, ತೋರಿಸುವುದಿಲ್ಲ. ಅಷ್ಟಾದರೂ ಸಹಿ ಹಾಕುತ್ತಾರೆ. ಯಾಕೆಂದರೆ ನಾವು ಬಿಟ್ಟರೆ ಪಕ್ಕದ ಕಂಪನಿ ಹಿಡಿದುಬಿಡುತ್ತದೆ ಎಂಬ ಭಯ. ನನ್ನ ಪ್ರಕಾರ ದೊಡ್ಡ ಹೆಸರುಗಳಿಗಿಂತ ಈ ಭಯವೇ ಜಾಸ್ತಿ ಕೆಲಸ ಮಾಡಿದ್ದು. ಕಾನೂನಿನಲ್ಲೂ ಒಂದು ಸಂದು ಇತ್ತು. ಪರೀಕ್ಷಾ ಯಂತ್ರವನ್ನು ಬೇರೆಯವರಿಗೆ ಮಾರಬೇಕಾದರೆ ಅಮೆರಿಕದ ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಬೇಕು, ಸ್ವಂತ ಲ್ಯಾಬಿನಲ್ಲೇ ಇಟ್ಟು ಬಳಸಿದರೆ ಆಗ ಅಷ್ಟು ತಪಾಸಣೆ ಇರಲಿಲ್ಲ. ಆ ಸಂದಿನಲ್ಲೇ ಇವರು ನುಗ್ಗಿದ್ದು.

ಮುಂಜಾವು:
ಹೆಣ್ಣು ಎಂಬ ವಿಷಯವನ್ನು ಯಾರೂ ಎತ್ತಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಗಂಡಸರೇ ತುಂಬಿದ ಆ ಜಗತ್ತಿನಲ್ಲಿ ಒಬ್ಬ ಹುಡುಗಿ ಗೆಲ್ಲಲಿ ಎಂದು ಎಷ್ಟೋ ಜನ ಮನಸಾರೆ ಬಯಸಿದ್ದರು, ನಾನಿದ್ದರೂ ಬಯಸುತ್ತಿದ್ದೆ. ಆದರೆ ಮೊಟ್ಟಮೊದಲು ಇದು ಆಗುವ ಮಾತಲ್ಲ ಎಂದು ಆಕೆಯ ಮುಖಕ್ಕೇ ಹೇಳಿದವರಲ್ಲಿ ಒಬ್ಬರು ಸ್ಟ್ಯಾನ್‌ಫರ್ಡ್‌ನ ವೈದ್ಯಕೀಯ ಪ್ರಾಧ್ಯಾಪಕಿ ಫಿಲಿಸ್ ಗಾರ್ಡ್ನರ್, ಅವರೂ ಹೆಂಗಸೇ. ಅವರ ಮಾತು ಯಾರಿಗೂ ಬೇಕಾಗಲಿಲ್ಲ. ಹೆಣ್ಣಿಗೆ ಬೆಂಬಲ ಅಂದರೆ ಇಬ್ಬರಲ್ಲಿ ಯಾರ ಮಾತು ಕೇಳಬೇಕಿತ್ತು, ಹೇಳಿ?

ಹಳೇಬೇರು:
ನನಗೆ ತಡೆಯಲಾಗದ್ದು ಇಯಾನ್ ಗಿಬ್ಬನ್ಸ್ ಕಥೆ. ಯಂತ್ರ ಕೆಲಸ ಮಾಡುತ್ತಿಲ್ಲ ಎಂದು ಚೆನ್ನಾಗಿ ಗೊತ್ತಿದ್ದ, ಕಂಪನಿಯದ್ದೇ ವಿಜ್ಞಾನಿ. 2013ರಲ್ಲಿ ಕೋರ್ಟ್ ಕೇಸೊಂದರಲ್ಲಿ ಹೇಳಿಕೆ ಕೊಡಬೇಕಾಗಿ ಬಂದಾಗ ನಿಜ ಹೇಳಿದರೂ ಕಷ್ಟ, ಸುಳ್ಳು ಹೇಳಿದರೂ ಕಷ್ಟ ಎಂಬಲ್ಲಿಗೆ ಬಂದು ಜೀವ ಕಳೆದುಕೊಂಡರು. ಅವರು ಹೋದ ಮೇಲೆ ಹೆಂಡತಿಯ ಹತ್ತಿರ ಕಂಪನಿ ಕೇಳಿದ್ದು ಲ್ಯಾಪ್‌ಟಾಪ್, ಕಾಗದಪತ್ರ ವಾಪಸ್ ಕೊಡಿ ಎಂದು. ಜಾರ್ಜ್ ಶುಲ್ಟ್ಸ್ ಅವರ ಮೊಮ್ಮಗ, ಅದೇ ಕಂಪನಿಯಲ್ಲಿ ಕೆಲಸ ಮಾಡಿದ್ದ ಟೈಲರ್ ಶುಲ್ಟ್ಸ್‌ಗೂ ಅಷ್ಟೇ, ಸ್ವಂತ ಅಜ್ಜನ ಮನೆಯಲ್ಲೇ ಕಂಪನಿಯ ವಕೀಲರು ಎದುರಾದರು. ಎರಿಕಾ ಚುಂಗ್ ಕಾಲೇಜು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ, ಸರ್ಕಾರಕ್ಕೆ ದೂರು ಬರೆದರು. ಸಹಿ ಹಾಕಿಸಿಕೊಂಡ ಗೌಪ್ಯತೆ ಒಪ್ಪಂದ ತೋರಿಸಿ ಬಾಯಿ ಮುಚ್ಚಿಸುವುದು ಇದೆಯಲ್ಲ, ರಾಜಕೀಯ ಅಂದರೆ ಅದೇ. ದುಡ್ಡಿದ್ದವರಿಗೆ ವಕೀಲರ ಪಡೆ, ನಿಜ ಗೊತ್ತಿದ್ದವರಿಗೆ ಬರೀ ಹೆದರಿಕೆ.

ಇರುಳೋದು:
ಹಳೇಬೇರು, ನಿಮ್ಮ ಮಾತು ಓದಿ ಸುಮ್ನೆ ಕೂತುಬಿಟ್ಟೆ. ತೀರ್ಪಿನ ವಿಷಯವನ್ನೂ ಇದರ ಜೊತೆ ಸೇರಿಸಬೇಕು. 2022ರ ಜನವರಿಯಲ್ಲಿ ಹೋಮ್ಸ್ ತಪ್ಪಿತಸ್ಥೆ ಎಂದಾಯಿತು, ಆದರೆ ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ ಮಾತ್ರ. ರೋಗಿಗಳಿಗೆ ಮೋಸ ಎಂಬ ಆರೋಪಗಳಿಂದ ಬಿಡುಗಡೆ. ಗರ್ಭ ಚೆನ್ನಾಗಿದ್ದರೂ ಗರ್ಭಪಾತ ಆಗುತ್ತಿದೆ ಎನ್ನುವಂಥ ವರದಿ ಪಡೆದ ಹೆಂಗಸು ಅಲ್ಲಿ ಸಾಕ್ಷಿ ಹೇಳಿದ್ದರು. ಅದೇ ವರ್ಷ ಜುಲೈನಲ್ಲಿ ಇನ್ನೊಂದು ಜ್ಯೂರಿ, ಹೋಮ್ಸ್ ಜೊತೆ ಕಂಪನಿ ನಡೆಸುತ್ತಿದ್ದ ಸನ್ನಿ ಬಲ್ವಾನಿಯ ಮೇಲಿನ 12 ಆರೋಪಗಳನ್ನೂ ಒಪ್ಪಿತು, ರೋಗಿಗಳದ್ದೂ ಸೇರಿ. ಪರಿಹಾರ ಎಂದು ಇಬ್ಬರೂ ಕಟ್ಟಬೇಕಾದದ್ದು 45 ಕೋಟಿ ಡಾಲರ್, ಅದು ಹಣ ಹಾಕಿದವರಿಗೆ. ಪರೀಕ್ಷೆ ಮಾಡಿಸಿಕೊಂಡ ಅರಿಜೋನಾದ ಜನರಿಗೆ 2017ರಲ್ಲಿ ವಾಪಸ್ ಬಂದದ್ದು ಪರೀಕ್ಷೆಗೆ ಕೊಟ್ಟ ದುಡ್ಡು, ಎಲ್ಲ ಸೇರಿ ಸುಮಾರು 46 ಲಕ್ಷ ಡಾಲರ್. ಸೀರಿಯಲ್‌ನಲ್ಲೂ ಆ ರೋಗಿಗಳು ತುಂಬ ಕಡಿಮೆ ಹೊತ್ತು ಕಾಣುತ್ತಾರೆ. ನನಗೆ ಅವರದ್ದೇ ಒಂದು ಇಡೀ ಕಂತು ಬೇಕಿತ್ತು.