ಅಮ್ಮನ ಜೊತೆ ನಾರ್ವೆಗೆ: ದುಡ್ಡು, ಊಟ, ರೈಲು

ಪ್ರಶ್ನೆ:
ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ನಾರ್ವೆಗೆ ಹೋಗುತ್ತಿದ್ದೇನೆ. ಶನಿವಾರ ಸಂಜೆ ಓಸ್ಲೋದಲ್ಲಿ ಇಳಿಯುತ್ತೇವೆ. ಸೋಮವಾರ ರೈಲಿನಲ್ಲಿ ಬರ್ಗೆನ್. ಅಮ್ಮ ಸಸ್ಯಾಹಾರಿ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಅದಕ್ಕೇ ಅಡುಗೆಮನೆ ಇರುವ ರೂಮ್ ಹಿಡಿದಿದ್ದೇನೆ. ಯೂರೋ ನಡೆಯುತ್ತದೆಯೇ? ಕೈಯಲ್ಲಿ ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ಉತ್ತರ 1 (ಓಸ್ಲೋದಲ್ಲೇ ಇರುವವಳು):
ಇಲ್ಲಿಯ ದುಡ್ಡು ಯೂರೋ ಅಲ್ಲ, ನಾರ್ವೇಜಿಯನ್ ಕ್ರೋನ. ಆದರೆ ನೋಟು ಮುಟ್ಟುವ ಪ್ರಸಂಗವೇ ಬರುವುದು ಕಡಿಮೆ. ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಎರಡು ಕಾರ್ಡ್ ತನ್ನಿ, ಪಿನ್ ನೆನಪಿರಲಿ.

ನನಗೆ ಯೋಚನೆ ಇರುವುದು ನಿಮ್ಮ ಭಾನುವಾರದ್ದು. ಆ ದಿನ ದೊಡ್ಡ ದಿನಸಿ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಕಾನೂನೇ ಹಾಗಿದೆ. 100 ಚದರ ಮೀಟರ್ ಒಳಗಿನ ಸಣ್ಣ ಅಂಗಡಿ, ಪೆಟ್ರೋಲ್ ಬಂಕ್, ಇಂಥವು ತೆರೆದಿರುತ್ತವೆ. ಅಲ್ಲಿ ಬೆಲೆ ಜಾಸ್ತಿ, ತರಕಾರಿ ಕಡಿಮೆ. ಹಾಗಾಗಿ ಶನಿವಾರ ರೂಮಿಗೆ ಪೆಟ್ಟಿಗೆ ಇಟ್ಟ ತಕ್ಷಣ ಹತ್ತಿರದ ‘ಕಿವಿ’ (Kiwi) ಅಥವಾ ‘ರೆಮಾ 1000’ ದಿನಸಿ ಅಂಗಡಿಗೆ ಹೋಗಿ. ಹಾಲು, ಮೊಸರು, ಬ್ರೆಡ್, ಆಲೂಗಡ್ಡೆ, ಸೋಮವಾರ ರೈಲಿಗೆ ಬೇಕಾದ ತಿಂಡಿ, ಎಲ್ಲ ಒಂದೇ ಸಲ ತನ್ನಿ. ನೀರು ಮಾತ್ರ ಕೊಳ್ಳಬೇಡಿ, ಸುಮ್ನೆ ಖರ್ಚು. ನಲ್ಲಿಯ ತಣ್ಣೀರೇ ಚೆನ್ನಾಗಿದೆ.

ಅಕ್ಕಿ, ಬೇಳೆ ಊರಿಂದ ತರುತ್ತೀರಿ ಅಲ್ವಾ? ಜೊತೆಗೆ ತುಪ್ಪದ ಡಬ್ಬಿ ಇಡಬೇಡಿ. ಭಾರತದಿಂದ ಹಾಲಿನ ಪದಾರ್ಥ ತರುವಂತಿಲ್ಲ. ಅಮ್ಮನಿಗೆ ಮೊದಲೇ ಹೇಳಿಬಿಡಿ, ವಿಮಾನ ನಿಲ್ದಾಣದಲ್ಲಿ ಅವರಿಗೆ ಬೇಜಾರಾಗಬಾರದು.

ಉತ್ತರ 2:
ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ‘ಫ್ಲೈಟೂಗೆ’ (Flytoget) ಎಂಬ ಎಕ್ಸ್‌ಪ್ರೆಸ್ ರೈಲು ಬೇಡ, ‘ವೈ’ (Vy) ಕಂಪನಿಯ ಮಾಮೂಲಿ ರೈಲು ಹತ್ತಿ. ಹೆಚ್ಚುಕಡಿಮೆ ಅಷ್ಟೇ ಹೊತ್ತು, ದರ ಸುಮಾರು ಅರ್ಧ. ಬರ್ಗೆನ್ ಟಿಕೆಟ್ ಈಗಲೇ ತೆಗೆದಿಡಿ, ಮುಂಚೆ ತೆಗೆದರೆ ಅಗ್ಗ. ದಾರಿಯಲ್ಲಿ ಫಿನ್ಸೆ ನಿಲ್ದಾಣ 1,222 ಮೀಟರ್ ಎತ್ತರದಲ್ಲಿದೆ, ಜೂನ್‌ನಲ್ಲೂ ಹಿಮ ಕಾಣುತ್ತದೆ. ಅಮ್ಮನ ಸ್ವೆಟರ್ ಕೈಗೆ ಸಿಗುವಂತಿರಲಿ. ಬರ್ಗೆನ್‌ನಲ್ಲಿ ಮಳೆ ಯಾವಾಗ ಬೇಕಾದರೂ ಬರಬಹುದು, ಇಬ್ಬರಿಗೂ ರೇನ್‌ಕೋಟ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ತುಪ್ಪದ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಚಾರ್ಜರ್‌ಗೆ ಅಡಾಪ್ಟರ್ ಬೇಕಾ?

ಉತ್ತರ 1:
ಫೋನಿನ ಎರಡು ಪಿನ್ ಚಾರ್ಜರ್ ಸಾಮಾನ್ಯವಾಗಿ ನೇರವಾಗಿ ಹೋಗುತ್ತದೆ, ವೋಲ್ಟೇಜ್ 230. ಮೂರು ಪಿನ್‌ನ ಲ್ಯಾಪ್‌ಟಾಪ್ ಅಥವಾ ಕುಕ್ಕರ್ ಇದ್ದರೆ ಅಡಾಪ್ಟರ್ ಬೇಕು. ಅದನ್ನೂ ಊರಿಂದಲೇ ತನ್ನಿ. ನೀವು ಇಳಿದ ಮಾರನೇ ದಿನವೇ ಭಾನುವಾರ, ಎಲೆಕ್ಟ್ರಾನಿಕ್ಸ್ ಅಂಗಡಿಯೂ ತೆರೆದಿರುವುದಿಲ್ಲ.