ಪಂಜರದ ತಳಕ್ಕಿಳಿದ ಬಡ್ಜಿ: ಹಕ್ಕಿ ಡಾಕ್ಟರನ್ನು ಕೇಳಿ

ಪಿಂಕಿ ಅಮ್ಮ (ಹಾಸನ): ಡಾಕ್ಟ್ರೇ, ನಮ್ಮ ಹೆಣ್ಣು ಬಡ್ಜಿ (ಪುಟ್ಟ ಸಾಕು ಗಿಳಿ) ಪಿಂಕಿ ಬೆಳಿಗ್ಗೆಯಿಂದ ಪಂಜರದ ತಳದಲ್ಲೇ ಕೂತಿದೆ. ಮೈ ಉಬ್ಬಿಸಿಕೊಂಡಿದೆ. ಉಸಿರಾಡಿದಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತದೆ. ಖಾಸಗಿ ಕ್ಲಿನಿಕ್‌ನವರು ಎರಡೂವರೆ ಸಾವಿರ ಆಗಬಹುದು ಅಂದರು. ನನ್ನ ಕೈಲಿರೋದು 500.

ಗುಬ್ಬಿಗೂಡು: ಮೊಟ್ಟೆ ಸಿಕ್ಕಿಕೊಂಡಿರಬೇಕು. ಹರಳೆಣ್ಣೆ ಎರಡು ತೊಟ್ಟು ಕುಡಿಸಿ, ಹಿಂದೆಯೂ ಹಚ್ಚಿ. ಮೊಟ್ಟೆ ಜಾರಿ ಬರುತ್ತೆ. ಫಾರ್ವರ್ಡ್ ಹಾಕಿದ್ದೇನೆ ನೋಡಿ.

ಡಾಕ್ಟರ್: ಎಣ್ಣೆ ಬೇಡ. ಮೇಡಂ, ಹಿಕ್ಕೆ ಹಾಕಿದೆಯಾ? ಕಾಲು ಊರುತ್ತಿದೆಯಾ?

ಪಿಂಕಿ ಅಮ್ಮ: ಹಿಕ್ಕೆ ಇಲ್ಲ. ಒಂದು ಕಾಲು ಎಳೆಯುತ್ತಿದೆ. ಬಾಲದ ಬುಡದಲ್ಲಿ ದಪ್ಪ ಕಾಣುತ್ತದೆ. ಮೊಟ್ಟೆ ಇಡುವ ಮಡಕೆ ಯಾವಾಗಲೂ ಪಂಜರದಲ್ಲೇ ಇರುತ್ತೆ, ಮೇಲಿಂದ ಮೇಲೆ ಮೊಟ್ಟೆ ಇಡುತ್ತಿತ್ತು.

ಡಾಕ್ಟರ್: ಮೊಟ್ಟೆ ಒಳಗೆ ಸಿಕ್ಕಿಹಾಕಿಕೊಂಡಿರುವ ಹಾಗಿದೆ. ಕಾಲಿನ ನರವನ್ನು ಒತ್ತುತ್ತಿದೆ, ಅದಕ್ಕೇ ಕಾಲು ಎಳೆಯುತ್ತಿರುವುದು. ಬರೀ ನವಣೆ ತಿಂದು ಸಾಲು ಸಾಲು ಮೊಟ್ಟೆ ಇಟ್ಟರೆ ಮೈಯಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಅದಿಲ್ಲದೆ ಮೊಟ್ಟೆ ತಳ್ಳುವ ಸ್ನಾಯುವಿಗೆ ಬಲವೇ ಇರುವುದಿಲ್ಲ. ಈಗಲೇ ಶೂ ಡಬ್ಬಕ್ಕೆ ಗಾಳಿಯಾಡಲು ತೂತು ಮಾಡಿ, ಬಟ್ಟೆ ಹಾಸಿ ಹಕ್ಕಿಯನ್ನು ಇಳಿಸಿ. ಒಂದು ಪಕ್ಕಕ್ಕೆ ಮಾತ್ರ, ಹೊರಗಡೆಯಿಂದ, ಬಿಸಿನೀರಿನ ಬಾಟಲಿಯನ್ನು ಟವೆಲ್ ಸುತ್ತಿ ಇಡಿ. ಒಳಗೆ ಸುಮಾರು 30 ಡಿಗ್ರಿ ಇದ್ದರೆ ಸಾಕು. ಬಾಯಿ ಬಿಟ್ಟು ರೆಕ್ಕೆ ಅಗಲಿಸಿದರೆ ಶಾಖ ಜಾಸ್ತಿಯಾಯಿತು ಅಂತ. ಗಾಳಿಯಲ್ಲಿ ತೇವ ಇರಲು ಒದ್ದೆ ಬಟ್ಟೆ ಹಾಕಿದ ಬಟ್ಟಲು ಹತ್ತಿರ ಇರಲಿ. ಹೊಟ್ಟೆ ಒತ್ತಬೇಡಿ, ಮೊಟ್ಟೆ ಎಳೆಯಬೇಡಿ. ಒಳಗೇ ಒಡೆದರೆ ಚೂಪು ಚಿಪ್ಪು ಕುಯ್ಯುತ್ತದೆ.
ಇದು ಪ್ರಥಮ ಚಿಕಿತ್ಸೆ ಅಷ್ಟೇ, ಇದನ್ನೇ ನಂಬಿ ಕೂತಿರಬೇಡಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ಅದರ ಆಸ್ಪತ್ರೆಗೆ ಹೋಗಿ. ಖಾಸಗಿಗಿಂತ ಖರ್ಚು ಕಡಿಮೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಹೋದ ತಕ್ಷಣ ನಾಚಿಕೆ ಬಿಟ್ಟು ಹೇಳಿ: ‘500 ಇದೆ, ಯಾವುದು ಮೊದಲು ಬೇಕೋ ಅದನ್ನು ಮಾಡಿ’. ಕ್ಯಾಲ್ಸಿಯಂ ಇಂಜೆಕ್ಷನ್ ದುಬಾರಿಯಲ್ಲ. ಎಕ್ಸ್‌ರೇ ಬೇಕೋ ಬೇಡವೋ ಅವರು ನೋಡಿ ಹೇಳುತ್ತಾರೆ.

ಮಲೆನಾಡು ಹುಡುಗ: ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತಲ್ವಾ ಸಾರ್?

ಡಾಕ್ಟರ್: ಅದು ಮುಖ್ಯವಾಗಿ ದನಕರುಗಳಿಗೆ. ಅದಕ್ಕೆ ಕಾಯುತ್ತಾ ಕೂರಬೇಡಿ.

ಪಾರಿವಾಳ ಪ್ರೇಮಿ: ನನ್ನ ಪಾರಿವಾಳ ಕತ್ತು ತಿರುಚಿಕೊಂಡು ಸುತ್ತುತ್ತಿದೆ. ಏನು ಕೊಡಲಿ?

ಗುಬ್ಬಿಗೂಡು: ನೀರಿಗೆ ಟೆಟ್ರಾಸೈಕ್ಲಿನ್ (ಆಂಟಿಬಯೋಟಿಕ್) ಪುಡಿ ಹಾಕಿ. ಪಿಂಕಿಗೂ ಆಗುತ್ತೆ, ಕಾಳಿನ ಅಂಗಡಿಯಲ್ಲೇ ಸಿಗುತ್ತೆ.

ಡಾಕ್ಟರ್: ಪಿಂಕಿಗೆ ಕ್ಯಾಲ್ಸಿಯಂ ಕೊರತೆ ಅಂತ ಈಗಷ್ಟೇ ಬರೆದೆ. ಟೆಟ್ರಾಸೈಕ್ಲಿನ್ ಆ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಳ್ಳುತ್ತದೆ. ಓದದೆ ಔಷಧ ಬರೆಯಬೇಡಿ.

ಗುಬ್ಬಿಗೂಡು: ನಮ್ಮ ಅಜ್ಜಿ ಕಾಲದಿಂದ ಹರಳೆಣ್ಣೇನೇ. ಎಲ್ಲದಕ್ಕೂ ಇಂಜೆಕ್ಷನ್ ಅಂದರೆ ಬಡವರು ಏನು ಮಾಡಬೇಕು?

ಡಾಕ್ಟರ್: ಕುಡಿಸಿದ ಎಣ್ಣೆ ಹೋಗುವುದು ಕರುಳಿಗೆ. ಮೊಟ್ಟೆ ಇರುವುದು ಬೇರೆ ನಾಳದಲ್ಲಿ. ಉಸಿರುನಾಳಕ್ಕೆ ಇಳಿದರೆ 35 ಗ್ರಾಂ ಹಕ್ಕಿ ಅಲ್ಲೇ ಸಾಯುತ್ತದೆ. ಬಡತನಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕಾವೇರಿತೀರ: ಪಂಜರದಲ್ಲಿ ಇಡೋದೇ ತಪ್ಪು. ಬಿಟ್ಟುಬಿಡಿ, ಹಾರಿಹೋಗಲಿ.

ಮಲೆನಾಡು ಹುಡುಗ: ಬಡ್ಜಿ ಆಸ್ಟ್ರೇಲಿಯಾದ್ದು ಸ್ವಾಮಿ. ಹೊರಗೆ ಬಿಟ್ಟರೆ ಕಾಗೆಗೆ ಊಟ.

ಕಾವೇರಿತೀರ: ಹಾಗಾದರೆ ನಿಮ್ಮ ಪ್ರೊಫೈಲ್ ಫೋಟೋದಲ್ಲಿರೋ ಹಸಿರು ಗಿಳಿ ಎಲ್ಲಿಯದು? ನಮ್ಮ ಕಾಡಿನ ಗಿಳಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಮಲೆನಾಡು ಹುಡುಗ: ಅದು ಪಕ್ಕದ ಮನೆಯದು. ನಿಮಗ್ಯಾಕೆ?

ಪಿಂಕಿ ಅಮ್ಮ: ಡಾಕ್ಟ್ರೇ, ಬಾಟಲಿ ಇಟ್ಟಿದ್ದೇನೆ. ಕಾಲೇಜಿಗೆ ಫೋನ್ ಮಾಡಿದೆ, ಕರೆದುಕೊಂಡು ಬನ್ನಿ ಅಂದರು. ಆಟೋದಲ್ಲಿ ಹೊರಟೆ.

ಡಾಕ್ಟರ್: ಒಳ್ಳೆಯದು. ಡಬ್ಬ ಮಡಿಲಲ್ಲಿ ಇರಲಿ, ದಾರಿಯಲ್ಲಿ ತೆಗೆದು ನೋಡಬೇಡಿ. ಹಕ್ಕಿ ಉಳಿದರೆ ಮೊದಲು ಆ ಮಡಕೆ ತೆಗೆಯಿರಿ. ಕ್ಯಾಲ್ಸಿಯಂಗೆ ಸಮುದ್ರ ನೊರೆ (ಕಟಲ್‌ಬೋನ್), ನುಗ್ಗೆಸೊಪ್ಪು ಇಡಿ.

ಚುಕ್ಕಿ: ಡಾಕ್ಟರ್, ಮೊಟ್ಟೆ ಸಿಕ್ಕಿಹಾಕಿಕೊಂಡರೆ ಹರಳೆಣ್ಣೆ ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.

ಗುಬ್ಬಿಗೂಡು: ಕೇಳಿದವರಿಗೆ ಹೀಗಾ ಉತ್ತರ ಕೊಡೋದು? ದೊಡ್ಡ ಡಾಕ್ಟರು!

ಅಡ್ಮಿನ್: ಎಣ್ಣೆಯ ಫಾರ್ವರ್ಡ್ ಅಳಿಸಿದ್ದೇನೆ. ಗಿಳಿ ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಪಾರಿವಾಳ ಪ್ರೇಮಿ: ನನ್ನ ಪಾರಿವಾಳದ ಬಗ್ಗೆ ಯಾರೂ ಹೇಳಲೇ ಇಲ್ಲ.