ಸಹಾಯ ಬೇಕು: ‘ಬ್ಲೂ ಮಂಡೇ’ ತಟ್ಟೆಯಲ್ಲಿ ಮುಳ್ಳು ಹಾರುತ್ತಿದೆ

ಗೆಳೆಯರೇ, ಇಂಗ್ಲೆಂಡಿನ ನ್ಯೂ ಆರ್ಡರ್ ಸಂಗೀತ ತಂಡದ ‘ಬ್ಲೂ ಮಂಡೇ’ ಹಾಡಿನ ಹಳೆಯ 12 ಇಂಚಿನ ಗ್ರಾಮಫೋನ್ ತಟ್ಟೆಯೊಂದು ಕೈಗೆ ಸಿಕ್ಕಿದೆ, 1983ರಲ್ಲಿ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಹೊರತಂದದ್ದು. ಪೀಟರ್ ಸ್ಯಾವಿಲ್ ರೂಪಿಸಿದ ಹೊದಿಕೆ ಥೇಟ್ ಹಳೆಯ ಕಂಪ್ಯೂಟರುಗಳ ಫ್ಲಾಪಿ ಡಿಸ್ಕ್. ಹಾಡಿನ ಹೆಸರೂ ಬಣ್ಣಗಳ ಸಂಕೇತದಲ್ಲೇ ಇದೆ. ಕತ್ತರಿಸಿದ ಕಿಂಡಿಗಳಲ್ಲಿ ಒಳಗಿನ ಬೆಳ್ಳಿ ಬಣ್ಣದ ಕಾಗದ ಇಣುಕುತ್ತದೆ, ಎಷ್ಟು ಚೆಂದ!

ಆದರೆ ಡ್ರಮ್ ಮೆಷಿನ್ನಿನ ಬಡಿತದ ಮೇಲೆ ಆ ಕತ್ತಲು ತುಂಬಿದ ಸಿಂಥಸೈಜರ್ ರಾಗ ಏಳುವಷ್ಟರಲ್ಲಿ ಪ್ಲೇಯರಿನ ಮುಳ್ಳು ಗೆರೆ ತಪ್ಪಿ ಹಾರುತ್ತದೆ. ಬೇರೆ ತಟ್ಟೆಗಳು ಸರಿಯಾಗಿಯೇ ನುಡಿಯುತ್ತವೆ. ಗೆರೆಗಳಲ್ಲಿ ಕೂತ ಕೊಳೆಯೇ ಕಾರಣವೆಂಬ ಅನುಮಾನ. ಬಟ್ಟಿ ಇಳಿಸಿದ ನೀರು, ಮೃದುವಾದ ಬಟ್ಟೆ ಸಾಕೇ? ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಬಹುದೇ? ಮುಳ್ಳಿನ ಭಾರ ಹೆಚ್ಚಿಸಲು ಮನಸ್ಸಿಲ್ಲ, ತಟ್ಟೆ ಸವೆದೀತು. ಬೆಂಗಳೂರಿನಲ್ಲಿ ತಟ್ಟೆ ತೊಳೆಯುವ ಯಂತ್ರ ಇಟ್ಟುಕೊಂಡವರಿದ್ದರೆ ದಯವಿಟ್ಟು ತಿಳಿಸಿ.